ಕ್ಯಾಮೆರಾ ಕೊಳ್ಳುವಾಗ: ರೀಫರ್ಬಿಶ್ಡ್ ಸಾಕಾ, ಹೊಸದೇ ಬೇಕಾ?

ಕೈಯಲ್ಲಿರುವ ದುಡ್ಡು ಇಷ್ಟೇ ಎಂದು ಮೊದಲೇ ಗೊತ್ತು. ಅದೇ ದುಡ್ಡಿಗೆ ಸಾಧಾರಣವಾದ ಹೊಸ ಕ್ಯಾಮೆರಾ ಬರುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ರೀಫರ್ಬಿಶ್ಡ್ ಕ್ಯಾಮೆರಾನೂ, ಅಂದರೆ ವಾಪಸ್ ಬಂದದ್ದನ್ನು ಸರಿಪಡಿಸಿ ಮತ್ತೆ ಮಾರುವುದೂ ಬರುತ್ತದೆ. ಯಾವುದಕ್ಕೆ ಕೈ ಹಾಕಬೇಕು? ಇಲ್ಲಿ ಇಬ್ಬರು ಮಾತಾಡಿದ್ದಾರೆ. ಇಬ್ಬರೂ ಕ್ಯಾಮೆರಾ ಹಿಡಿದು ಪಳಗಿದವರೇ, ಆದರೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ.

ಪರ: ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ರೀಫರ್ಬಿಶ್ಡ್ ಇರಲಿ, ಉಳಿದ ದುಡ್ಡು ಲೆನ್ಸಿಗೆ ಹೋಗಲಿ

ರೀಫರ್ಬಿಶ್ಡ್ ಅಂದ ಕೂಡಲೇ ತುಂಬ ಜನ ಮುಖ ಸಿಂಡರಿಸುತ್ತಾರೆ. ಯಾರೋ ಮನಸೋಇಚ್ಛೆ ಬಳಸಿ, ಕೆಡಿಸಿ, ಕೈತೊಳೆದುಕೊಂಡ ಮಾಲು ಎಂದೇ ಅವರ ತೀರ್ಮಾನ. ಕಂಪನಿಗೆ ವಾಪಸ್ ಬರುವ ಕ್ಯಾಮೆರಾಗಳಲ್ಲಿ ಕೆಟ್ಟವೂ ಇರುತ್ತವೆ, ಸುಳ್ಳಲ್ಲ. ಆದರೆ ಬರೀ ಕೆಟ್ಟವೇ ಇರುವುದಿಲ್ಲ. ಕೊಂಡವರು ನಾಲ್ಕು ದಿನ ಹಿಡಿದು ನೋಡಿ, ಯಾಕೋ ಭಾರ ಆಯ್ತು ಅಂತ ಹಿಂದಿರುಗಿಸಿದ್ದು ಇರುತ್ತದೆ. ಅಂಗಡಿಯಲ್ಲಿ ಜನ ಮುಟ್ಟಿ ನೋಡಲಿ ಅಂತ ಇಟ್ಟಿದ್ದು ಇರುತ್ತದೆ. ಸಾಗಣೆಯಲ್ಲಿ ಪೆಟ್ಟಿಗೆ ಮಾತ್ರ ಜಜ್ಜಿಹೋಗಿ, ಒಳಗಿನ ಕ್ಯಾಮೆರಾಗೆ ಏನೂ ಆಗದೇ ಉಳಿದದ್ದು ಇರುತ್ತದೆ. ಒಮ್ಮೆ ಹೀಗೆ ವಾಪಸ್ ಬಂದ ಮಾಲನ್ನು ಹೊಸದು ಎಂದು ಮಾರುವುದು ಸರಿಯಲ್ಲ. ಅದಕ್ಕೇ ತಯಾರಕರು ಅದನ್ನು ತಪಾಸಣೆ ಮಾಡಿ, ಬದಲಿಸಬೇಕಾದ್ದನ್ನು ಬದಲಿಸಿ, ಒರೆಸಿ, ವಾರಂಟಿ ಸೇರಿಸಿ ಕಡಿಮೆ ಬೆಲೆಗೆ ಕೊಡುತ್ತಾರೆ. ಕ್ಯಾನನ್, ನಿಕಾನ್ ಕಂಪನಿಗಳೇ ಕೆಲವು ದೇಶಗಳಲ್ಲಿ ಈ ವ್ಯಾಪಾರ ಮಾಡುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ವಾದಿಸುತ್ತಿರುವುದು ತಯಾರಕರೇ ಸಿದ್ಧ ಮಾಡಿದ ಕ್ಯಾಮೆರಾ ಬಗ್ಗೆ. ಇಲ್ಲವೇ ಬಿಲ್, ವಾರಂಟಿ, ಇಷ್ಟವಾಗದಿದ್ದರೆ ವಾಪಸ್ ಕೊಡುವ ಅವಕಾಶ ಈ ಮೂರನ್ನೂ ಕೊಡುವ ಅಂಗಡಿಯ ಬಗ್ಗೆ. ಬಟ್ಟೆಯಲ್ಲಿ ಒರೆಸಿ ರೀಫರ್ಬಿಶ್ಡ್ ಚೀಟಿ ಅಂಟಿಸುವವರ ಪರವಾಗಿ ವಕಾಲತ್ತು ವಹಿಸುವ ಉದ್ದೇಶ ನನಗಿಲ್ಲ.

ಈಗ ಸವಕಳಿಯ ವಿಷಯ. ಬೇರೆ ಎಷ್ಟೋ ಹಳೆಯ ವಸ್ತುಗಳಿಗೆ ಇಲ್ಲದ ಒಂದು ಅನುಕೂಲ ಕ್ಯಾಮೆರಾಗೆ ಇದೆ. ಅದು ಎಷ್ಟು ದುಡಿದಿದೆ ಎಂದು ಎಣಿಸಬಹುದು. ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಶಟರ್ ಒಂದು ಓಡಾಡುವ ಭಾಗ, ಪ್ರತಿ ಕ್ಲಿಕ್ಕಿಗೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಎಷ್ಟು ಕ್ಲಿಕ್ಕುಗಳಿಗೆ ಅದನ್ನು ಪರೀಕ್ಷಿಸಿದ್ದೇವೆ ಎಂದು ಕಂಪನಿಗಳೇ ಹೇಳುತ್ತವೆ. ಕ್ಯಾನನ್ 5ಡಿ ಮಾರ್ಕ್ 4ಕ್ಕೆ 1,50,000. ನಿಕಾನ್ ಡಿ850ಗೆ 2,00,000. ವೃತ್ತಿಪರರ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3ಕ್ಕೆ 5,00,000. ಅದನ್ನು ದಾಟಿದ ಕೂಡಲೇ ಕ್ಯಾಮೆರಾ ಸಾಯುತ್ತದೆ ಅಂತಲ್ಲ. ದಾಟಿ ಮುಂದೆ ಹೋದವೂ ಇವೆ, ಮುಟ್ಟುವ ಮೊದಲೇ ಕೈಕೊಟ್ಟವೂ ಇವೆ. ಆದರೂ ಒಂದು ಅಂದಾಜು ಸಿಗುತ್ತದೆ. ವಾರಕ್ಕೆ 200 ಫೋಟೋ ತೆಗೆಯುವವರು ವರ್ಷಕ್ಕೆ 10,000ದ ಆಸುಪಾಸಿಗೆ ಬರುತ್ತಾರೆ. ಹಾಗಿರುವಾಗ 15,000 ಕ್ಲಿಕ್ಕು ಆಗಿರುವ ಡಿ850 ನಿಮ್ಮ ಕೈಗೆ ಬಂದರೆ ಶಟರ್ ಬಗ್ಗೆ ನಿದ್ದೆ ಕೆಡಿಸಿಕೊಳ್ಳುವ ಅಗತ್ಯ ಇದೆಯಾ?

ನಿಕಾನ್ ಕ್ಯಾಮೆರಾಗಳು ಈ ಎಣಿಕೆಯನ್ನು ಫೋಟೋದ ಫೈಲಿನೊಳಗೇ ಬರೆದಿಡುತ್ತವೆ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಕಾಣುತ್ತದೆ. ಕೆಲವು ಹೊಸ ಕ್ಯಾನನ್ ಬಾಡಿಗಳು ಮೆನುವಿನಲ್ಲೇ ಸಾವಿರದ ಲೆಕ್ಕದಲ್ಲಿ ತೋರಿಸುತ್ತವೆ. ಮಾರುವವರಿಂದ ಈಗಷ್ಟೇ ತೆಗೆದ, ಎಡಿಟ್ ಮಾಡದ ಒಂದು ಫೋಟೋ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲೇ ಉತ್ತರ ಸಿಕ್ಕಿತು.

ಕ್ಯಾಮೆರಾ ಕೈಗೆ ಬಂದ ದಿನ ಊಟ ತಿಂಡಿ ಮರೆತು ಕೂರಬೇಕಾದ ಕೆಲಸ ಇನ್ನೊಂದಿದೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಅರ್ಧ ಭಯ ಹೋಗುತ್ತದೆ. ಲೆನ್ಸಿನ ಮುಚ್ಚಳ ಹಾಕಿಯೇ ಒಂದೆರಡು ಸೆಕೆಂಡಿನ ಎಕ್ಸ್‌ಪೋಷರ್ ಕೊಡಿ, ಅಂದರೆ ಅಷ್ಟು ಹೊತ್ತು ಶಟರ್ ತೆರೆದಿರಲಿ. ಬರುವುದು ಕಪ್ಪು ಚಿತ್ರ. ಅದನ್ನು ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ನೋಡುತ್ತಾ ಹೋಗಿ. ಅಲ್ಲೊಂದು ಇಲ್ಲೊಂದು ಕೆಂಪು, ನೀಲಿ ಚುಕ್ಕಿ ಕಂಡರೆ ಗಾಬರಿ ಬೇಡ. ಅವು ಹಾಟ್ ಪಿಕ್ಸೆಲ್, ಹೊಸ ಕ್ಯಾಮೆರಾದಲ್ಲೂ ಇರುತ್ತವೆ. ಇಡೀ ಒಂದು ಗೆರೆಯೇ ಬೆಳಗುತ್ತಿದ್ದರೆ ವಾಪಸ್ ಕಟ್ಟಿ. ಆಮೇಲೆ ಅಪರ್ಚರನ್ನು (ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಎಫ್ ಸಂಖ್ಯೆ ದೊಡ್ಡದಾದಷ್ಟೂ ಅದು ಕಿರಿದು) ಎಫ್/16ಕ್ಕೆ ಇಳಿಸಿ, ಫೋಕಸ್ ಬೇಕೆಂದೇ ಕೆಡಿಸಿ, ಬಿಳಿ ಗೋಡೆಯ ಒಂದು ಫೋಟೋ. ಮಸುಕಾದ ಬೂದು ಚುಕ್ಕಿಗಳು ಕಂಡರೆ ಅದು ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಧೂಳು. ಬ್ಲೋವರಿನಿಂದ ಗಾಳಿ ಊದಿದರೆ ಬಹುತೇಕ ಹೋಗುತ್ತದೆ. ಹೋಗದೆ ಅಂಟಿಕೊಂಡೇ ಇದ್ದರೆ ಎಣ್ಣೆಯ ಕಲೆ ಇರಬಹುದು, ಅದನ್ನು ಸರ್ವಿಸ್‌ನವರೇ ತೆಗೆಯಬೇಕು.

ಕಾರ್ಡ್ ಹಾಕುವ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಹಳೆಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ ಕ್ಯಾಮೆರಾ ಆದರೆ ಒಳಗೆ ಸಾಲಾಗಿ ಸೂಜಿಯಂಥ ಪಿನ್ನುಗಳಿರುತ್ತವೆ, ಒಂದು ಬಾಗಿದ್ದರೂ ಕೆಲಸ ಕೆಟ್ಟಿತು. ಎಲ್ಲ ಗುಂಡಿ, ಎಲ್ಲ ಡಯಲ್ ಒಮ್ಮೆ ಒತ್ತಿ ತಿರುಗಿಸಿ. ಎಷ್ಟೋ ಕ್ಯಾಮೆರಾಗಳಲ್ಲಿ ಬ್ಯಾಟರಿಯ ಆರೋಗ್ಯವನ್ನು ಮೆನುವೇ ಹೇಳುತ್ತದೆ. ಅನೇಕ ನಿಕಾನ್‌ಗಳಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ, 4 ಎಂದರೆ ಅದರ ಕಾಲ ಮುಗಿಯಿತು. ಕ್ಯಾನನ್‌ನಲ್ಲಿ ಮೂರು ಹಸಿರು ಚೌಕ ಇದ್ದರೆ ಗಟ್ಟಿ, ಒಂದೇ ಕೆಂಪು ಚೌಕ ಇದ್ದರೆ ಹೊಸ ಬ್ಯಾಟರಿಗೆ ದುಡ್ಡು ಎತ್ತಿಡಿ. ಇಷ್ಟಕ್ಕೆಲ್ಲ ಒಂದು ಸಂಜೆ ಸಾಕು. ವಾಪಸ್ ಕೊಡುವ ಗಡುವು ಅದಕ್ಕಿಂತ ಉದ್ದ ಇರುತ್ತದೆ.

ಹಳೆಯ ಮಾದರಿಗೆ ಇನ್ನೊಂದು ಗುಣ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಹುಳುಕೆಲ್ಲ ಆಗಲೇ ಹೊರಗೆ ಬಿದ್ದಿರುತ್ತದೆ. 2012ರಲ್ಲಿ ನಿಕಾನ್ ಡಿ600 ಬಂದಾಗ ಮೊದಮೊದಲು ಸಾಲುಗಟ್ಟಿ ಕೊಂಡ ಅನೇಕರ ಫೋಟೋಗಳಲ್ಲಿ ಚುಕ್ಕಿಗಳು. ಮರುವರ್ಷ ಡಿ610 ಎಂಬ ಹೆಸರಿನಲ್ಲಿ ಬೇರೆ ಶಟರ್ ಹಾಕಿದ ಕ್ಯಾಮೆರಾ ಬಂತು. 2014ರಲ್ಲಿ ಕಂಪನಿ ಡಿ600ರ ಶಟರನ್ನು ವಾರಂಟಿ ಮುಗಿದಿದ್ದರೂ ಪುಕ್ಕಟೆ ಬದಲಿಸಿಕೊಡುವುದಾಗಿ ಹೇಳಿತು. ಅಂದರೆ ಬಿಡುಗಡೆಯ ದಿನವೇ ಹೊಸದು ಕೊಂಡವರು ದುಡ್ಡು ಕೊಟ್ಟು ಪ್ರಯೋಗಕ್ಕೆ ಒಳಗಾದರು. ಎರಡು ಮೂರು ವರ್ಷ ಕಳೆದ ಮೇಲೆ ಕೊಂಡವರಿಗೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಸರಿಯಾಗಿ ಗೊತ್ತಿತ್ತು.

ಚಿತ್ರದ ಗುಣಮಟ್ಟಕ್ಕೆ ಬರೋಣ. 24 ಮೆಗಾಪಿಕ್ಸೆಲ್ ಅಂದರೆ 6000 x 4000 ಚುಕ್ಕಿ. ಇಂಚಿಗೆ 300 ಚುಕ್ಕಿಯಂತೆ ಮುದ್ರಿಸಿದರೂ 20 x 13 ಇಂಚಿನ ಚಿತ್ರ ಬರುತ್ತದೆ. 4ಕೆ ಪರದೆಯಲ್ಲಿ ಇರುವುದೇ ಸುಮಾರು 8.3 ಮೆಗಾಪಿಕ್ಸೆಲ್. ಫೋನಿನಲ್ಲೇ ನೋಡಿ ಮುಗಿಸುವ ಫೋಟೋಗೆ ಈ ವರ್ಷದ ಸೆನ್ಸರ್ ಏನು ಮಾಡೀತು? 2018ರ ಸೋನಿ ಎ7 ಥ್ರೀ ಇವತ್ತಿಗೂ ಮದುವೆ ಫೋಟೋ ತೆಗೆಯುತ್ತಿದೆ. ಬಂದ ಮರುವರ್ಷ ಬರೀ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಮೂಲಕ ಅದಕ್ಕೆ ಪ್ರಾಣಿಗಳ ಕಣ್ಣು ಹಿಡಿದು ಫೋಕಸ್ ಮಾಡುವ ವಿದ್ಯೆ ಬಂತು. ದುಡ್ಡೇನೂ ಕೇಳಲಿಲ್ಲ.

ನನ್ನ ವಾದದ ತಿರುಳು ಈಗ. ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಹೊಸ ಬಾಡಿ ಕೊಂಡವರ ದುಡ್ಡೆಲ್ಲ ಅದಕ್ಕೇ ಖರ್ಚಾಗಿ, ಜೊತೆಗೆ ಬಂದ ಕಿಟ್ ಲೆನ್ಸಿನಲ್ಲೇ ವರ್ಷಗಟ್ಟಲೆ ಕಾಲ ಹಾಕುತ್ತಾರೆ. ಸಾಮಾನ್ಯ 18–55 ಎಂಎಂ ಕಿಟ್ ಲೆನ್ಸು 55ಕ್ಕೆ ಹೋದಾಗ ಎಫ್/5.6. ಅದೇ ಜಾಗಕ್ಕೆ 50 ಎಂಎಂ ಎಫ್/1.8 ಲೆನ್ಸ್ ಬಂದರೆ ಒಳಗೆ ಬರುವ ಬೆಳಕು ಹತ್ತಿರ ಹತ್ತಿರ 10 ಪಟ್ಟು. ಮನೆಯೊಳಗೆ ಐಎಸ್‌ಒ (ಕಡಿಮೆ ಬೆಳಕಿನಲ್ಲಿ ಚಿತ್ರವನ್ನು ಬೆಳಗಿಸಲು ಏರಿಸುವ ಸಂಖ್ಯೆ) 6400 ಬೇಕಾಗಿದ್ದ ಕಡೆ 640 ಸಾಕು. ಯಾವ ಹೊಸ ಸೆನ್ಸರೂ ತನ್ನ ಹಿಂದಿನ ತಲೆಮಾರಿಗಿಂತ ಹತ್ತು ಪಟ್ಟು ಮೇಲಲ್ಲ. ಒಳ್ಳೆಯ ಲೆನ್ಸ್ ಎರಡು ಮೂರು ಬಾಡಿಗಳನ್ನು ದಾಟಿ ಬಾಳುತ್ತದೆ. ಬಾಡಿಯ ಬೆಲೆ ಮಾತ್ರ ಪೆಟ್ಟಿಗೆ ಬಿಚ್ಚಿದ ಗಳಿಗೆಯಿಂದ ಇಳಿಯತೊಡಗುತ್ತದೆ. ಆ ಇಳಿತದ ದೊಡ್ಡ ಪಾಲು ಮೊದಲ ಮಾಲೀಕರ ಜೇಬಿನಿಂದ ಹೋಗಿರಲಿ ಬಿಡಿ. ನೀವು ಎರಡು ವರ್ಷ ಬಳಸಿ ಮಾರುವಾಗ ಕಳೆದುಕೊಳ್ಳುವುದು ಕಡಿಮೆ.

ಇನ್ನೊಂದು ಸಣ್ಣ ವಿಷಯ, ನನಗೆ ಮಾತ್ರ ದೊಡ್ಡದು. ದುಬಾರಿ ಹೊಸ ಕ್ಯಾಮೆರಾ ಕೊಂಡವರು ಅದನ್ನು ಬೀರುವಿನಲ್ಲೇ ಜೋಪಾನ ಮಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮಳೆ ಹನಿದರೆ ಬ್ಯಾಗಿಗೆ, ಮಕ್ಕಳು ಹತ್ತಿರ ಬಂದರೆ ಬ್ಯಾಗಿಗೆ. ಮೂಲೆಯಲ್ಲಿ ಆಗಲೇ ಒಂದು ಗೀರು ಬಿದ್ದಿರುವ ಬಾಡಿಯನ್ನು ಜನ ಧೈರ್ಯವಾಗಿ ಹೊರಗೆ ತೆಗೆಯುತ್ತಾರೆ.

ವಿರೋಧ: ಪರೀಕ್ಷೆ ಮಾಡಲು ಬರುವವರಿಗೆ ಸರಿ, ಉಳಿದವರು ಹೊಸದೇ ಕೊಳ್ಳಲಿ

ಮೇಲಿನ ವಾದ ಓದಲು ಚೆನ್ನಾಗಿದೆ. ಕಪ್ಪು ಚಿತ್ರ ತೆಗೆಯಿರಿ, ಬಿಳಿ ಗೋಡೆ ತೆಗೆಯಿರಿ, ಎಕ್ಸಿಫ್‌ಟೂಲ್ ತೆರೆಯಿರಿ. ಇದನ್ನೆಲ್ಲ ಮಾಡಬಲ್ಲವರು ಯಾರು? ಆಗಲೇ ಎರಡು ಮೂರು ಕ್ಯಾಮೆರಾ ಬಳಸಿ ಬಿಟ್ಟವರು. ಅವರಿಗೆ ನನ್ನ ಸಲಹೆಯೂ ಬೇಡ, ಎದುರಿನವರ ಸಲಹೆಯೂ ಬೇಡ. ರೀಫರ್ಬಿಶ್ಡ್ ಬೆಲೆ ನೋಡಿ ಮನಸ್ಸು ಸೋಲುವವರು ಹೆಚ್ಚಿನಂಶ ಮೊದಲ ಬಾರಿಗೆ ಕೊಳ್ಳುವವರು. ಅವರ ಹತ್ತಿರ ದುಡ್ಡು ಕಮ್ಮಿ, ಅನುಭವ ಇನ್ನೂ ಕಮ್ಮಿ. ಮೋಸ ಹೋದರೆ ಎರಡನೇ ಬಾರಿ ಕೊಳ್ಳುವ ತಾಕತ್ತೂ ಇರುವುದಿಲ್ಲ. ಅಪಾಯ ತಾಳಿಕೊಳ್ಳಲು ಆಗದವರ ತಲೆಗೇ ಅಪಾಯ ಕಟ್ಟುವ ವ್ಯಾಪಾರ ಇದು.

ಕ್ಯಾಮೆರಾ ಆಫ್ ಮಾಡಿ ಅಲ್ಲಾಡಿಸಿ ನೋಡಿ. ಒಳಗೆ ಏನೋ ಕಟಕಟ ಅಂದರೆ ಹೊಸಬರ ಎದೆ ಧಸಕ್ಕೆನ್ನುತ್ತದೆ. ಸೆನ್ಸರನ್ನೇ ಅಲುಗಿಸಿ ಕೈನಡುಕ ತಡೆಯುವ ಅನೇಕ ಕ್ಯಾಮೆರಾಗಳಲ್ಲಿ ಆ ಸದ್ದು ತೀರಾ ಸಹಜ. ಸೆನ್ಸರ್ ಅಲ್ಲಿ ಹಿಡಿತವಿಲ್ಲದೆ ತೇಲುತ್ತಿರುತ್ತದೆ. ಹಾಗಾದರೆ ಯಾವ ಕಟಕಟ ಸಹಜ, ಯಾವುದು ಬಿದ್ದು ಸಡಿಲಾದದ್ದು? ಇದನ್ನು ಒಂದು ಸಂಜೆಯಲ್ಲಿ ಕಲಿಯಲಾಗುವುದಿಲ್ಲ.

ತಯಾರಕರೇ ಸಿದ್ಧ ಮಾಡಿದ್ದನ್ನು ಕೊಳ್ಳಿ ಎನ್ನುತ್ತಾರೆ. ಒಪ್ಪಿದೆ. ಅದು ಸಿಗಬೇಕಲ್ಲ? ಅವರೇ ಹೇಳಿದ ಹಾಗೆ ಅದು ಕೆಲವು ದೇಶಗಳಲ್ಲಿ ಮಾತ್ರ. ಸಿಕ್ಕ ಕಡೆಯೂ ನಿಮಗೆ ಬೇಕಾದ ಮಾದರಿ ಬೇಕಾದಾಗ ಇರುವುದಿಲ್ಲ, ಇದ್ದದ್ದನ್ನು ತಗೋಬೇಕು. ಮಿಕ್ಕವರೆಲ್ಲ ಯಾರು ಬೇಕಾದರೂ ರೀಫರ್ಬಿಶ್ಡ್ ಎಂದು ಬರೆದುಕೊಳ್ಳಬಹುದು. ಒಬ್ಬರ ಎ ಗ್ರೇಡ್ ಇನ್ನೊಬ್ಬರ ಬಿ ಗ್ರೇಡ್. ಒಬ್ಬರು ಶಟರ್ ಬದಲಿಸಿ ಆ ಪದ ಹಾಕುತ್ತಾರೆ, ಇನ್ನೊಬ್ಬರು ಕಿತ್ತುಹೋದ ರಬ್ಬರ್ ಅಂಟಿಸಿ ಹಾಕುತ್ತಾರೆ. ಕೊಳ್ಳುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಶಟರ್ ಕೌಂಟಿನ ಬಗ್ಗೆ ಇಷ್ಟು ನಂಬಿಕೆ ಯಾಕೋ ನನಗೆ ಅರ್ಥವಾಗುವುದಿಲ್ಲ. ಅದು ಹೆಚ್ಚಾಗಿ ಎಣಿಸುವುದು ಮೆಕ್ಯಾನಿಕಲ್ ಶಟರಿನ ಓಟವನ್ನು. ಇವತ್ತು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಬಳಸುವವರಲ್ಲಿ ಎಷ್ಟೋ ಜನ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲೇ ತೆಗೆಯುತ್ತಾರೆ. ವಿಡಿಯೋ ಮಾಡುವವರ ಕ್ಯಾಮೆರಾ ದಿನವಿಡೀ ಬಿಸಿಯಾಗಿ ಓಡಿದ್ದರೂ ಕೌಂಟು ಮೇಲೇರುವುದೇ ಇಲ್ಲ. 3,000 ಕ್ಲಿಕ್ಕು ಎಂದು ಖುಷಿಪಟ್ಟು ಕೊಂಡ ಬಾಡಿ ಸಾವಿರ ಗಂಟೆ ವಿಡಿಯೋ ಕಂಡಿರಬಹುದು. ಶಟರ್ ಬದಲಿಸಿದ ಮೇಲೆ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದೂ ಉಂಟು. ನಿಕಾನ್ ಜೆಡ್9 2021ರಲ್ಲಿ ಬಂತು, ಜೆಡ್8 2023ರಲ್ಲಿ. ಎರಡರಲ್ಲೂ ಮೆಕ್ಯಾನಿಕಲ್ ಶಟರೇ ಇಲ್ಲ. ಸವೆಯುವ ಭಾಗವೇ ಇಲ್ಲವಲ್ಲ, ಒಳ್ಳೆಯದಾಯ್ತು ಅಂತ ಎದುರಿನವರು ಅನ್ನಬಹುದು. ಆದರೆ ಹಳೆಯದರ ದುಡಿಮೆ ಅಳೆಯಲು ಅವರು ನೆಚ್ಚಿಕೊಂಡ ಕೋಲು ಮುರಿದದ್ದೂ ಅಲ್ಲಿಗೇ ಅಲ್ವಾ?

ಕ್ಯಾಮೆರಾವನ್ನು ನಿಜವಾಗಿ ಹಾಳು ಮಾಡುವುದು ಕ್ಲಿಕ್ಕಲ್ಲ. ತೇವ, ಉಪ್ಪು, ಬಿಸಿ, ಬಿದ್ದ ಪೆಟ್ಟು. ಇವು ಯಾವ ಮೆನುವಿನಲ್ಲೂ ಕಾಣುವುದಿಲ್ಲ. ಕಡಲ ಗಾಳಿಯಲ್ಲಿ ದುಡಿದ ಬಾಡಿಯನ್ನು ತಲೆಕೆಳಗೆ ಮಾಡಿ ನೋಡಿದ್ದೇನೆ. ತಳದ ಸಣ್ಣ ಸ್ಕ್ರೂಗಳ ಅಡ್ಡಗೀರಿನಲ್ಲಿ ಕಂದು ತುಕ್ಕು. ಟ್ರೈಪಾಡ್ ಸಿಕ್ಕಿಸುವ ತೂತಿನ ಅಂಚಿನಲ್ಲಿ ಹಸಿರು ಪುಡಿ. ಮೇಲೆ ಫ್ಲ್ಯಾಶ್ ಕೂರಿಸುವ ಹಾಟ್ ಶೂವಿನ ಒಳಮೈ ಬಿಳಿಚಿಕೊಂಡಿತ್ತು. ಆದರೂ ಅದು ಫೋಟೋ ಚೆನ್ನಾಗೇ ತೆಗೆಯುತ್ತಿತ್ತು. ಆ ಸ್ಕ್ರೂಗಳನ್ನು ಬದಲಿಸಿ, ತಳ ಒರೆಸಿಬಿಟ್ಟರೆ ನನಗೂ ಗೊತ್ತಾಗುತ್ತಿರಲಿಲ್ಲ. ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಉಪ್ಪು ತನ್ನ ಕೆಲಸ ಮುಂದುವರಿಸುತ್ತಲೇ ಇರುತ್ತದೆ.

ಹುಳುಕೆಲ್ಲ ಎರಡು ಮೂರು ವರ್ಷದಲ್ಲಿ ಹೊರಗೆ ಬೀಳುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಡಿ600 ಕಥೆ ಹೇಳಿದವರು 2005ರ ಕಥೆ ಬಿಟ್ಟರು. ಸೋನಿ ತಯಾರಿಸಿದ ಸಿಸಿಡಿ ಎಂಬ ಬಗೆಯ ಸೆನ್ಸರುಗಳಲ್ಲಿ ದೋಷ ಇದೆ ಎಂದು ಆ ವರ್ಷ ಬಹಿರಂಗವಾಯಿತು. ಬಿಸಿ, ತೇವ ಜಾಸ್ತಿ ಇದ್ದ ಕಡೆ ಸೆನ್ಸರಿನೊಳಗಿನ ತಂತಿಯ ಬೆಸುಗೆ ಬಿಟ್ಟುಕೊಳ್ಳುತ್ತಿತ್ತು. ಚಿತ್ರ ಅಡ್ಡಾದಿಡ್ಡಿ ಬಣ್ಣವಾಗುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ಅದೇ ಸೆನ್ಸರ್ ಬಳಸಿದ್ದ ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್ ಕ್ಯಾಮೆರಾಗಳೂ ಸಿಕ್ಕಿಬಿದ್ದವು. ಅವುಗಳಲ್ಲಿ ಎಷ್ಟೋ ಆಗಲೇ ವರ್ಷಗಟ್ಟಲೆ ಬಳಕೆಯಲ್ಲಿದ್ದವು. ಕಂಪನಿಗಳು ಪುಕ್ಕಟೆ ರಿಪೇರಿ ಮಾಡಿಕೊಟ್ಟವು ನಿಜ. ಕೊಳ್ಳುವ ದಿನ ಯಾವ ಪರೀಕ್ಷೆಯಲ್ಲೂ ಅದು ಸಿಗುತ್ತಿರಲಿಲ್ಲ ಎಂಬುದು ಅಷ್ಟೇ ನಿಜ.

ನನ್ನ ಪರಿಚಯದವರೊಬ್ಬರು ಒಂದು ಮಿರರ್‌ಲೆಸ್ ರೀಫರ್ಬಿಶ್ಡ್ ಬಾಡಿ ತಂದರು. ಮೇಲೆ ಹೇಳಿದ ಪರೀಕ್ಷೆ ಎಲ್ಲ ಮಾಡಿದರು, ಎಲ್ಲದರಲ್ಲೂ ಪಾಸು. ಕೆಲವು ವಾರ ಕಳೆದ ಮೇಲೆ ಒಂದು ಉದ್ದನೆಯ ವಿಡಿಯೋ ತೆಗೆಯುವಾಗ ಚಿತ್ರ ಗಡಗಡ ನಡುಗತೊಡಗಿತು. ಆಫ್ ಮಾಡಿ ಆನ್ ಮಾಡಿದರೆ ಸರಿ. ಬಾಡಿ ಬಿಸಿಯಾದರೆ ಮತ್ತೆ ಅದೇ ಪಾಡು. ವಾಪಸ್ ಕೊಡುವ ಗಡುವು ದಾಟಿತ್ತು. ವಾರಂಟಿ ಇತ್ತಲ್ಲ ಅಂತ ಕಳಿಸಿದರೆ, ನಮ್ಮಲ್ಲಿ ಚೆನ್ನಾಗೇ ಕೆಲಸ ಮಾಡುತ್ತಿದೆ ಎಂಬ ಚೀಟಿಯೊಂದಿಗೆ ಹಿಂದೆ ಬಂತು. ಮತ್ತೆ ಕಳಿಸಿದರು, ಮತ್ತೆ ಅದೇ ಚೀಟಿ. ಇಂಥ ಕಣ್ಣಾಮುಚ್ಚಾಲೆ ದೋಷ ಹೊಸದರಲ್ಲೂ ಬರಬಹುದು. ಆದರೆ ಹೊಸದಾದರೆ ಹಿಂದೆ ಏನಾಗಿತ್ತೋ ಎಂಬ ಅನುಮಾನಕ್ಕೆ ಜಾಗವಿಲ್ಲ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ನಿಮ್ಮ ಮಾತಿಗೆ ತೂಕ ಇರುತ್ತದೆ. ಅಂಗಡಿಯವರ ವಾರಂಟಿಗೂ ಕಂಪನಿಯ ವಾರಂಟಿಗೂ ಅಜಗಜಾಂತರ ಅಂತ ಗೊತ್ತಾಗುವುದು ಆ ದಿನವೇ.

ಲೆನ್ಸಿಗೆ ದುಡ್ಡು ಹಾಕಿ ಎಂಬ ಮಾತು ಮಾತ್ರ ಗಟ್ಟಿಯಾದದ್ದು. ಹತ್ತು ಪಟ್ಟು ಬೆಳಕು ಎಂಬುದೂ ಸರಿ. ಆದರೆ ಎಫ್/1.8ರಲ್ಲಿ ಫೋಕಸ್ ಆಗುವ ಪದರ ಎಷ್ಟು ತೆಳು ಅಂದರೆ, ಹತ್ತಿರದಿಂದ ಮುಖ ತೆಗೆದರೆ ಮೂಗು ಸ್ಪಷ್ಟವಾಗಿ ಕಣ್ಣು ಮಸುಕಾಗಬಹುದು. ನಿಜವಾಗಿ ಅಗ್ಗಕ್ಕೆ ಸಿಗುವ ರೀಫರ್ಬಿಶ್ಡ್ ಬಾಡಿಗಳು ಯಾವುವು? ಹೆಚ್ಚಾಗಿ ಹಳೆಯ ಡಿಎಸ್‌ಎಲ್‌ಆರ್‌ಗಳು, ಅಂದರೆ ಒಳಗೆ ಕನ್ನಡಿಯಿರುವ ಕ್ಯಾಮೆರಾಗಳು. ನಿಕಾನ್ ಡಿ3500ರಲ್ಲಿ ಫೋಕಸ್ ಪಾಯಿಂಟ್ 11. ಕ್ಯಾನನ್ 1300ಡಿಯಲ್ಲಿ 9. ಅವೂ ಹೆಚ್ಚುಕಡಿಮೆ ನಡುವೆಯೇ ಗುಂಪುಗೂಡಿವೆ. ಓಡಾಡುವ ಮಗುವಿನ ಕಣ್ಣಿಗೆ ಇವುಗಳಲ್ಲಿ ಒಂದನ್ನು ಕೂರಿಸುವುದು ಪಳಗಿದ ಕೈಗೂ ಸುಲಭವಲ್ಲ. ಈಗಿನ ಹೊಸ ಮಿರರ್‌ಲೆಸ್ ಕಣ್ಣನ್ನು ತಾನೇ ಹುಡುಕಿ, ಚೌಕಟ್ಟಿನ ಮೂಲೆಗೆ ಹೋದರೂ ಬೆನ್ನು ಬಿಡುವುದಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಬೇರೆ, ಚಿತ್ರ ಹಿಡಿಯುವ ಸೆನ್ಸರ್ ಬೇರೆ. ಎಲ್ಲೋ ಒಮ್ಮೆ ಬಿದ್ದು ಎರಡರ ಹೊಂದಾಣಿಕೆ ಕೂದಲೆಳೆ ತಪ್ಪಿದ್ದರೂ ಫೋಕಸ್ ಯಾವಾಗಲೂ ಹಿಂದೆ ಅಥವಾ ಮುಂದೆ ಹೋಗಿ ಕೂರುತ್ತದೆ. ಹೊಸಬರು ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡು ಬೀರುವಿಗೆ ಸೇರಿಸುತ್ತಾರೆ. ಬೀರು ಸೇರುವುದು ದುಬಾರಿ ಹೊಸ ಕ್ಯಾಮೆರಾಗಳು ಮಾತ್ರ ಅಲ್ಲ.

ಬಾಡಿ ಅಂದರೆ ಬರೀ ಬಾಡಿಯೂ ಅಲ್ಲ, ಅದರ ಹಿಂದೆ ಇಡೀ ಲೆನ್ಸ್ ಸಂಸಾರವೇ ಬರುತ್ತದೆ. ಸ್ಯಾಮ್‌ಸಂಗ್ 2014ರಲ್ಲಿ ಎನ್‌ಎಕ್ಸ್1 ಎಂಬ ಕ್ಯಾಮೆರಾ ತಂದಿತು, ಆ ಕಾಲಕ್ಕೆ ಬಲು ಜೋರು. ಕೆಲವೇ ವರ್ಷದಲ್ಲಿ ಕಂಪನಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟಿತು. ಅದರ ಬಾಡಿ ಈಗ ಪುಕ್ಕಟೆ ಸಿಕ್ಕರೂ ಹೊಸ ಲೆನ್ಸ್ ಬರುವುದಿಲ್ಲ. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಮಿರರ್‌ಲೆಸ್‌ಗೆ ಹೊಸ ಮೌಂಟ್ (ಬಾಡಿಗೆ ಲೆನ್ಸ್ ಕೂರುವ ಜಾಗ) ತಂದ ಮೇಲೆ ಅವರ ಹೊಸ ಲೆನ್ಸುಗಳು ಹೆಚ್ಚಾಗಿ ಆ ಕಡೆಗೇ ಹೋದವು. ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಬಹುದು ನಿಜ. ಆದರೆ ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಮೋಟರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸುಗಳಿಗೆ ಆಟೋಫೋಕಸ್ ಬರುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಇಂಥ ಸಣ್ಣ ಅಕ್ಷರದ ಷರತ್ತುಗಳು ಕೊಂಡ ಮೇಲೇ ಕಣ್ಣಿಗೆ ಬೀಳುವುದು.

ಬ್ಯಾಟರಿ, ಚಾರ್ಜರ್ ವಿಷಯ ಬೇಗ ಮುಗಿಸುತ್ತೇನೆ. ಅಸಲಿ ಬದಲು ನಕಲಿ ಇಟ್ಟು ಕಳಿಸುವವರು ಇದ್ದಾರೆ. ಅಸಲಿ ಎರಡು ಕೊಂಡರೆ ಉಳಿತಾಯದಲ್ಲಿ ಒಂದು ತುಂಡು ಹೋಯಿತು. ಹೊಸವು ಯುಎಸ್‌ಬಿ-ಸಿ ಕಡೆ ಬಂದಿವೆ. ಐರೋಪ್ಯ ಒಕ್ಕೂಟದ ನಿಯಮದಲ್ಲಿ 2024ರ ಡಿಸೆಂಬರ್ 28ರಿಂದ ಅಲ್ಲಿನ ಮಾರುಕಟ್ಟೆಗೆ ಬರುವ ಡಿಜಿಟಲ್ ಕ್ಯಾಮೆರಾಗಳಿಗೂ ಅದು ಕಡ್ಡಾಯ. ಫೋನಿನ ಚಾರ್ಜರಿನಲ್ಲೇ ಕ್ಯಾಮೆರಾನೂ ಚಾರ್ಜ್ ಆಗುವುದು ಪ್ರಯಾಣದಲ್ಲಿ ಎಷ್ಟು ನೆಮ್ಮದಿ ಅಂತ ಬಳಸಿದವರಿಗೇ ಗೊತ್ತು.

ಇನ್ನು ಬೆಲೆ. ಹಳೆಯದು ಅಂದರೆ ಅಗ್ಗ ಎಂಬ ನಿಯಮವೇನೂ ಇಲ್ಲ. ಫ್ಯೂಜಿಫಿಲ್ಮ್ ಎಕ್ಸ್100ವಿ 2020ರಲ್ಲಿ ಬಂದದ್ದು. ಆಮೇಲೆ ಸಾಮಾಜಿಕ ಜಾಲತಾಣಗಳಲ್ಲಿ ಅದರ ಹುಚ್ಚು ಹತ್ತಿ, ಮಾಲಿಗೆ ಬರ ಬಂದು, ಬಳಸಿದ್ದನ್ನೇ ಹೊಸದರ ಬೆಲೆಗಿಂತ ಜಾಸ್ತಿ ಕೊಟ್ಟು ಜನ ಕೊಂಡರು. 2024ರಲ್ಲಿ ಎಕ್ಸ್100ಸಿಕ್ಸ್ ಬಂತು, ಅದಕ್ಕೂ ಸಾಲು. ಇದು ವಿಪರೀತದ ಉದಾಹರಣೆ, ಗೊತ್ತು. ಆದರೂ ಬೇಡಿಕೆ ಇರುವ ಮಾದರಿಗಳಲ್ಲಿ ರೀಫರ್ಬಿಶ್ಡ್‌ಗೂ, ರಿಯಾಯಿತಿ ಕಾಲದ ಹೊಸದಕ್ಕೂ ಅಂತರ ತೀರಾ ಸಣ್ಣದಾಗುವುದು ಆಗಾಗ ಕಾಣುತ್ತದೆ. ಆ ಸಣ್ಣ ಅಂತರಕ್ಕಾಗಿ ಪೂರ್ತಿ ವಾರಂಟಿ ಬಿಟ್ಟುಕೊಡುವುದು ಸುಮ್ನೆ ಹಟ.

ಲೆನ್ಸಿನ ವಿಷಯಕ್ಕೆ ಬಂದರೆ ನನ್ನ ಜಗಳ ಇಲ್ಲ. ಲೆನ್ಸ್ ಹಳೆಯದೇ ಕೊಳ್ಳಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿ ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಫಂಗಸ್, ಬೇಡ. ಉಂಗುರಗಳು ನಯವಾಗಿ ತಿರುಗಿ, ಗಾಜು ಶುದ್ಧವಾಗಿದ್ದರೆ ಹೆಚ್ಚಿನ ಭಯವಿಲ್ಲ. ಬಾಡಿಯಲ್ಲಿ ಇರುವಷ್ಟು ಬಚ್ಚಿಟ್ಟ ಎಲೆಕ್ಟ್ರಾನಿಕ್ಸ್ ಅದರಲ್ಲಿ ಇಲ್ಲ.

ಬಾಡಿ ಮಾತ್ರ ಹೊಸದು. ಹೊಸದು ಅಂದರೆ ಮೊನ್ನೆ ಬಿಡುಗಡೆಯಾದದ್ದೇ ಆಗಬೇಕಿಲ್ಲ. ಒಂದು ಮಾದರಿಯ ತಮ್ಮ ಹುಟ್ಟಿದ ಕೂಡಲೇ ಅಣ್ಣನ ಬೆಲೆ ಇಳಿಯುತ್ತದೆ, ಪೆಟ್ಟಿಗೆ ಬಿಚ್ಚದ ಅಣ್ಣ ಅಂಗಡಿಯಲ್ಲಿ ಕಾಯುತ್ತಿರುತ್ತಾನೆ. ಅವನ ಹುಳುಕೂ ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ, ಫರ್ಮ್‌ವೇರೂ ಬಂದಿರುತ್ತದೆ. ಎದುರಿನವರು ರೀಫರ್ಬಿಶ್ಡ್‌ಗೆ ಎಣಿಸಿದ ಲಾಭಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಸಿಕ್ಕಿತು, ಕಂಪನಿಯ ವಾರಂಟಿ ಸಮೇತ. ಆ ವಾರಂಟಿ ನಿಮ್ಮ ದೇಶದಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ. ಬೇರೆ ದೇಶಕ್ಕೆಂದು ತಯಾರಾದ ಗ್ರೇ ಮಾರ್ಕೆಟ್ ಮಾಲಿನಲ್ಲಿ ನಡೆಯದೇ ಹೋಗಬಹುದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಬಾಡಿಯ ತಳದ ನಂಬರಿಗೆ ತಾಳೆ ನೋಡಿ. ಆಮೇಲೆ ಮೊದಲ ಕೆಲವು ವಾರ ಜೋಪಾನ ಮಾಡದೆ, ಉದ್ದನೆಯ ವಿಡಿಯೋ, ಬಿಸಿಲು, ಕತ್ತಲು ಎಲ್ಲದರಲ್ಲೂ ದುಡಿಸಿ ನೋಡಿ. ತಯಾರಿಕೆಯ ದೋಷ ಇದ್ದರೆ ಹೆಚ್ಚಾಗಿ ಆಗಲೇ ತಲೆ ಎತ್ತುತ್ತದೆ, ಆಗ ರಿಪೇರಿ ಖರ್ಚು ಕಂಪನಿಯದು.